ಅಳಬಾರದ ಮಗುವಿನ ಹಲ್ಲು

ಹೃದಯದ ಡಾಕ್ಟರು ಮಗಳ ಬಾಯೊಳಗೆ ನೋಡಿ ಟಾರ್ಚ್ ಆರಿಸಿದರು. ಈ ಹಲ್ಲುಗಳನ್ನಿಟ್ಟುಕೊಂಡು ಮುಂದಿನ ವಾರ ಆಪರೇಷನ್ ಮಾಡುವುದಕ್ಕಾಗುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ತೂತಿರುವುದು ನನ್ನ ಮಗಳ ಹೃದಯದಲ್ಲಿ, ಈ ಮಹಾಶಯರು ನೋಡುತ್ತಿರುವುದು ಹಲ್ಲನ್ನು! ಹಾಲುಹಲ್ಲು ತಾನೇ, ಇವತ್ತಲ್ಲ ನಾಳೆ ಬಿದ್ದುಹೋಗುತ್ತವೆ ಎಂದು ಜಗಳಕ್ಕೇ ನಿಂತೆ. ಅವರು ಸಿಟ್ಟಾಗಲಿಲ್ಲ. ಹುಳುಕು ಹಲ್ಲಿನ ಸೋಂಕು ರಕ್ತಕ್ಕಿಳಿದು, ಹೊಲಿಗೆ ಹಾಕಿದ ಹೃದಯಕ್ಕೆ ಹತ್ತಿಕೊಂಡರೆ ಮಗು ಉಳಿಯುವುದೇ ಕಷ್ಟ ಎಂದು ಬಿಡಿಸಿ ಹೇಳಿದರು. ಈ ಸರದಿ ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಇವಳ ಹೃದಯ ತಡೆಯುತ್ತದೆಯೇ ಎಂದು ಕೇಳಿದೆ. ಅವರು ತಕ್ಷಣ ಹಲ್ಲಿನ ವಿಭಾಗಕ್ಕೆ ಫೋನ್ ಮಾಡಿದರು.

ಅವಳಿಗೆ ಐದು ವರ್ಷ. ಅವಳು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಒಂದೇ ಕಾನೂನು: ಮಗು ಅಳಬಾರದು. ಅತ್ತರೆ ತುಟಿ ನೀಲಿಯಾಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಬ್ರಷ್ ಕಂಡರೆ ಅಳುಮೋರೆ ಮಾಡುತ್ತಿದ್ದಳು, ಬ್ರಷ್ಷನ್ನೇ ಎತ್ತಿಟ್ಟೆವು. ಕಹಿ ಮಾತ್ರೆಯನ್ನು ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಮಲಗುವ ಹೊತ್ತಿಗೆ ನೆಕ್ಕಿಸುತ್ತಿದ್ದೆವು. ಅವರಪ್ಪ ಬಸ್ ಡ್ರೈವರ್. ಜೇಬಲ್ಲಿ ಚಾಕೊಲೇಟ್ ಇಲ್ಲದೆ ಮನೆಗೆ ಬಂದವರೇ ಅಲ್ಲ. ನಮ್ಮತ್ತೆಯಂತೂ ಸಕ್ಕರೆ ಡಬ್ಬಿಯನ್ನು ಮೊಮ್ಮಗಳ ಹಾಸಿಗೆ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಹೃದಯ ಹೃದಯ ಎಂದು ಒದ್ದಾಡಿದ ನಾವು ಯಾರೂ ಅವಳ ಬಾಯಿ ತೆರೆಸಿ ನೋಡಿರಲಿಲ್ಲ.

ಹಲ್ಲಿನ ಡಾಕ್ಟರಮ್ಮ ನೋಡಿದರು. ಸಣ್ಣ ಹುಳುಕುಗಳಿಗೆ ಔಷಧಿ ಬಳಿದರು. ಹಲ್ಲು ಕಪ್ಪಾಗುತ್ತದೆ, ಆದರೆ ಹುಳುಕು ಅಲ್ಲಿಗೇ ನಿಲ್ಲುತ್ತದಂತೆ. ಮೊದಲೇ ಕರೆತಂದಿದ್ದರೆ ಇಷ್ಟರಲ್ಲೇ ಮುಗಿಯುತ್ತಿತ್ತಂತೆ. ಕೆಳಗಿನ ಒಂದು ದವಡೆಹಲ್ಲಿನ ಬುಡದಲ್ಲಿ ಮಾತ್ರ ಕೀವು ತುಂಬಿತ್ತು. ಅದನ್ನು ಕೀಳಲೇಬೇಕು ಎಂದರು.

"ಕಿತ್ರೆ ಅಳ್ತಾಳೆ, ಅತ್ರೆ ನೀಲಿಯಾಗ್ತಾಳೆ. ನಾನೇನ್ ಮಾಡ್ಲಿ, ನೀವೇ ಹೇಳಿ," ಎಂದೆ.

ಅವರು ಆಕ್ಸಿಜನ್ ಸಿಲಿಂಡರನ್ನು ಕುರ್ಚಿಯ ಹತ್ತಿರ ಎಳೆಸಿದರು. ಸೋಂಕು ಹರಡದಂತೆ ಒಂದು ಗಂಟೆ ಮೊದಲೇ ಔಷಧಿ ಕುಡಿಸಿದ್ದರು. ಮಗಳ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ, ಹಲ್ಲಿನ ಬುಡ ಮರಗಟ್ಟಿಸಿದರು. ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಂಡ ಕಂಡ ದೇವರಿಗೆಲ್ಲ ಮೊರೆಯಿಟ್ಟೆ. ಇಕ್ಕಳ ಒಳಗೆ ಹೋಯಿತು. ಅವಳು ನನ್ನ ಸೆರಗನ್ನು ಬಿಗಿಯಾಗಿ ಹಿಡಿದಳು. ಹಲ್ಲು ಬಂತು, ರಕ್ತ ಬಂತು, ಅಳು ಮಾತ್ರ ಬರಲಿಲ್ಲ.

ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಇಷ್ಟು ಕೀವು ತುಂಬಬೇಕಾದರೆ ಬಹಳ ದಿನಗಳಿಂದ ನೋವಿರಬೇಕು, ಮಗು ಹೇಳಲೇ ಇಲ್ಲವೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಅವರು ಬಗ್ಗಿ ಮಗಳನ್ನೇ ಕೇಳಿದರು.

ಹತ್ತಿ ಕಚ್ಚಿಕೊಂಡೇ ಅವಳು ತೊದಲಿದಳು: "ಹೇಳಕ್ಕೆ ಹೋದ್ರೆ ಅಳು ಬರುತ್ತಲ್ಲ. ಅದಕ್ಕೇ ಹೇಳ್ಲಿಲ್ಲ."

ಊಟ ಅರ್ಧಕ್ಕೇ ಬಿಟ್ಟಾಗೆಲ್ಲ ಸಾಕಾಯಿತು ಎನ್ನುತ್ತಿದ್ದಳು. ಗೋಡೆಗೆ ಮುಖ ಮಾಡಿ ಮಲಗಿದಾಗೆಲ್ಲ, ನನ್ನ ಬಂಗಾರಿ ಎಷ್ಟು ಜಾಣೆ, ಹಟವೇ ಇಲ್ಲ ಎಂದು ಅಕ್ಕಪಕ್ಕದವರ ಹತ್ತಿರ ಕೊಚ್ಚಿಕೊಂಡಿದ್ದೆ.

ಇನ್ನು ಆಪರೇಷನ್‌ವರೆಗೂ ಜ್ವರ, ಬಾವು, ನೋವು ಯಾವುದೂ ಇರಬಾರದು, ಒಂಚೂರು ನೋವೆಂದರೂ ತಕ್ಷಣ ಹೇಳಬೇಕು, ಮುಚ್ಚಿಟ್ಟಿದ್ದು ಗೊತ್ತಾಗದೆ ಆಪರೇಷನ್‌ಗೆ ಎದೆ ತೆರೆದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರಮ್ಮ ಎಚ್ಚರಿಸಿದರು.

ವಾರ್ಡಿಗೆ ಕರೆತಂದು ಮಲಗಿಸಿದೆ. ಗಂಟೆಗೊಮ್ಮೆ ಹಣೆ ಮುಟ್ಟಿ, ನೋವಿದೆಯಾ ಎಂದು ಕೇಳಿದೆ. ಪ್ರತಿ ಸಲವೂ ಇಲ್ಲ ಎಂದು ನಕ್ಕಳು. ಆ ನಗುವನ್ನು ನಾನು ಹೇಗೆ ನಂಬಲಿ? ಕೊನೆಗೆ ತಡೆಯಲಾರದೆ ಅವಳ ಎರಡೂ ಕೈ ಹಿಡಿದುಕೊಂಡೆ.

"ನೋವಾದ್ರೆ ಅಳು ಕಂದ. ಅಮ್ಮ ಏನೂ ಅನ್ನಲ್ಲ. ನಿನ್ನ ದಮ್ಮಯ್ಯ, ಅಳು," ಎನ್ನುವಷ್ಟರಲ್ಲಿ ನನ್ನ ಕಣ್ಣಲ್ಲೇ ನೀರು ಕಿತ್ತುಕೊಂಡು ಬಂತು.

ಅವಳು ಗಾಬರಿಯಿಂದ ಎದ್ದು ಕೂತು, ಪುಟ್ಟ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಶ್... ಅಳಬಾರ್ದು ಅಮ್ಮ. ಅತ್ರೆ ಸತ್ತೋಗ್ತೀವಿ."