ಶಿವಯೋಗೀಶರ ಕಪ್ಪು ಪರದೆ

ಶಿವಯೋಗೀಶರ ಹೆಸರೆತ್ತಿದರೆ ನನಗೀಗ ಹೇಸಿಗೆಯಾಗುತ್ತದೆ. ನಾನು ಸಂಘಮಿತ್ರಾ, ಅವರ ಸಾಕ್ಷ್ಯಚಿತ್ರಗಳಿಗೆ ಇಪ್ಪತ್ತೆರಡು ವರ್ಷ ಧ್ವನಿಮುದ್ರಣ ಮಾಡಿದವಳು. ಹಾಗಾಗಿ ಹೊರಗಿನವಳ ಹೊಟ್ಟೆಕಿಚ್ಚು ಎಂದು ಯಾರೂ ತಳ್ಳಿಹಾಕುವ ಹಾಗಿಲ್ಲ.

ಗಂಡಸನ್ನು ಪ್ರೀತಿಸುವ ಗಂಡಸರನ್ನು ನಮ್ಮ ಕಡೆ ಯಾರೂ ಮಾತಾಡಿಸದ ಕಾಲದಲ್ಲಿ ಅವರು ಕ್ಯಾಮರಾ ಹಿಡಿದು ಹೋದರು. ಅವರದೊಂದು ಪದ್ಧತಿಯಿತ್ತು. ಪ್ರತಿ ಪ್ರದರ್ಶನಕ್ಕೆ ಮುಂಚೆ ಚಿತ್ರದಲ್ಲಿರುವ ಒಬ್ಬೊಬ್ಬರ ಮನೆಗೂ ಹೋಗಿ, ಚಹಾ ಕುಡಿದು, "ಈ ಸಲ ತೋರಸ್ಲೇನ್ರಿ?" ಎಂದು ಕೇಳಬೇಕು. ಬೇಡವೆಂದವರ ಭಾಗ ಬಂದಾಗ ಅಷ್ಟೂ ಹೊತ್ತು ಪರದೆ ಕಪ್ಪಗಿರಬೇಕು, ಸದ್ದೂ ಇರಬಾರದು. ಆಮೇಲೆ ಸಲಿಂಗಿಗಳ ಬಗ್ಗೆ ಸಿನಿಮಾ ಮಾಡಿದ ಎಷ್ಟೋ ಹುಡುಗರು ಆ ಕಪ್ಪು ಪರದೆಯನ್ನು ಇವರಿಂದಲೇ ಕಲಿತರು. ಅದಕ್ಕೇ ಧಾರವಾಡದಲ್ಲಿ ಜೀವಮಾನದ ಸನ್ಮಾನ, ಜೊತೆಗೆ ಅವರದೊಂದು ಚಿತ್ರದ ಪ್ರದರ್ಶನ.

ಹಿಂದಿನ ದಿನ ನವನಗರದ ಹುಲಗಪ್ಪ ಮಾಸ್ತರರ ಮನೆಗೆ ಹೋದೆವು. ಆ ಚಿತ್ರದಲ್ಲಿ ಅವರು ತೀರಿಕೊಂಡ ಗೆಳೆಯ ಇಮಾಮಹುಸೇನನ ಅಂಗಿಗೆ ಇಸ್ತ್ರಿ ಮಾಡುತ್ತಾ ಮಾತಾಡುತ್ತಾರೆ.

"ಈ ಸಲ ಬ್ಯಾಡ್ರಿ," ಎಂದರು ಮಾಸ್ತರರು. "ನಾನ ಬೆಳಸಿದ ತಂಗಿ ಮಗಳದು ಐತವಾರ ನಿಶ್ಚಯ ಐತಿ. ಬೀಗರು ಧಾರವಾಡದವರು. ನನ್ನ ಸಲುವಾಗಿ ಆಕಿ ಮದುವಿ ಮುರದ್ರ ನಾ ಬದುಕಂಗಿಲ್ಲ."

"ಆತ್ರಿ ಮಾಸ್ತರ, ತೋರಸಂಗಿಲ್ಲ," ಎಂದ ಶಿವಯೋಗೀಶರು ಇನ್ನೊಂದು ಕಪ್ ಚಹಾ ಕೇಳಿ ಕುಡಿದರು.

ಮರುದಿನ ಸಭಾಂಗಣ ತುಂಬಿತ್ತು. ಶಿವಯೋಗೀಶರು ಆಗಷ್ಟೇ ಕೊಟ್ಟ ಪೆನ್‌ಡ್ರೈವ್ ಹಾಕಿ ನಾನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಅವರು ನನ್ನ ಪಕ್ಕದಲ್ಲೇ ಇದ್ದರು. ಚಿತ್ರದ ನಡುವೆ ಇಸ್ತ್ರಿ ಪೆಟ್ಟಿಗೆ ಕಾಣಿಸಿತು, ಅದನ್ನು ಹಿಡಿದ ಕೈ ಕಾಣಿಸಿತು. ಮುಖ ಬರಲು ಇನ್ನು ಅರ್ಧ ನಿಮಿಷ.

"ಇದೇನ್ರಿ ಸರ? ಅವರು ಬ್ಯಾಡಂದಾರಲ್ಲ!"

"ಸುಮ್ನಿರವಾ. ಮಾಸ್ತರಿಲ್ಲಂದ್ರ ಈ ಸಿನಿಮಾದಾಗ ಏನೈತಿ? ಇವತ್ತೊಂದಿನ ಪೂರಾ ನೋಡ್ಲಿ ಜನ."

ನಾಚಿಕೆಗೆಟ್ಟ ಮನುಷ್ಯ. ಕೈಗೆ ಸಿಕ್ಕ ವೈರನ್ನು ಕಿತ್ತೆ. ಪರದೆ ಕಪ್ಪಾಯಿತು, ಸದ್ದೂ ನಿಂತಿತು.

ಎಲ್ಲೋ ಚಪ್ಪಾಳೆ ಶುರುವಾಯಿತು. "ನೋಡ್ರಿ, ಇದ ಆ ಕಪ್ಪು ಪರದೆ!" ಎಂದು ಸಂಘಟಕರು ಮೈಕಿನಲ್ಲಿ ಕೂಗಿದರು. "ಸನ್ಮಾನದ ದಿನಾನೂ ಕೊಟ್ಟ ಮಾತು ತಪ್ಪಲಿಲ್ಲ!" ಇಡೀ ಸಭೆ ಎದ್ದು ನಿಂತಿತು. ಶಿವಯೋಗೀಶರು ಒಂದಿಷ್ಟೂ ತಡಮಾಡದೆ ಎದ್ದು ಕೈಮುಗಿದರು. ಅವರ ಕಣ್ಣಲ್ಲಿ ನೀರು ಬೇರೆ!

ಮೈಕು ಕಸಿದು ಎಲ್ಲ ಹೇಳಿಬಿಡುತ್ತೇನೆಂದು ಎರಡು ಹೆಜ್ಜೆ ಮುಂದಿಟ್ಟೆ. ಆದರೆ ಹೇಳಿದರೆ, ಬೇಡವೆಂದವರು ಯಾರು ಎಂದು ಜನ ಕೇಳದೆ ಬಿಡುತ್ತಾರೆಯೇ? ಬೀಗರು ಯಾವ ಸಾಲಿನಲ್ಲಿ ಕೂತಿದ್ದರೋ. ಅಲ್ಲೇ ನಿಂತೆ.

ಶಿವಯೋಗೀಶರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ಇದರಾಗ ಈಕಿದೂ ಪಾಲೈತ್ರಿ," ಎಂದರು.

ಚಪ್ಪಾಳೆ ಇನ್ನೂ ಜೋರಾಯಿತು. ಮಾಸ್ತರರ ಸಲುವಾಗಿ ನಾನೂ ನಕ್ಕು ಕೈಮುಗಿದೆ.