ಕೂಸುಗಳ ವಾರ್ಡಿನ ಟವಲ್

ನನ್ನಿಂದಲೇ ಆಯಿತೇ? ಗಾಳಿಯಿಂದ ಆಗಿರಬಹುದು, ತೊಟ್ಟಿಲಿನಿಂದ ಆಗಿರಬಹುದು, ಆ ಕೂಸೇ ಅಶಕ್ತವಾಗಿದ್ದಿರಬಹುದು. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಂಬಿಕೆ ಮಾತ್ರ ಬರುವುದಿಲ್ಲ.

ನಾನು ಕೈ ಒರೆಸುವ ಒಂದು ಟವಲ್. ಬನಹಟ್ಟಿಯ ಮಗ್ಗದಲ್ಲಿ ಬಿಳಿ ನೂಲಿಗೆ ಹಸಿರು ಅಂಚು ಕೊಟ್ಟು ನನ್ನನ್ನು ನೇಯ್ದರು. ಜೊತೆಗೆ ಹುಟ್ಟಿದವರಲ್ಲಿ ಕೆಲವರು ಖಾನಾವಳಿಗೆ, ಕೆಲವರು ಕ್ಷೌರದಂಗಡಿಗೆ ಹೋದರು. ನನಗೆ ತಾಲೂಕು ಆಸ್ಪತ್ರೆ ಸಿಕ್ಕಿತು, ಅದರಲ್ಲೂ ಹಸಿಗೂಸುಗಳ ವಾರ್ಡು. ಪುಣ್ಯವೆಂದುಕೊಂಡೆ.

ಅಲ್ಲಿಯ ಡಾಕ್ಟರ್ ನಾಡಗೌಡರಿಗೆ ಕೈ ತೊಳೆಯುವುದೆಂದರೆ ಪೂಜೆ. ಅಂಗೈ, ಹಿಂಗೈ, ಬೆರಳ ಸಂದು, ಉಗುರು, ಯಾವುದನ್ನೂ ಬಿಡುತ್ತಿರಲಿಲ್ಲ. ಸೋಂಕಿನ ಬಗ್ಗೆ ಸಿಬ್ಬಂದಿಗೆ ಪಾಠ ಮಾಡುವವರೂ ಅವರೇ.

"ಸಾಹೇಬ್ರು ಕೈ ತೊಳಿಯೂದ್ರಾಗ ನಮ್ಮ ಮನ್ಯಾಗ ಅನ್ನ ಬೆಂದಿರತೈತ್ರಿ," ಎಂದು ಆಯಾ ಹುಸೇನಬಿ ನಗುತ್ತಿದ್ದಳು.

"ನಗು ನಗು. ನಿನ್ನ ಕೈ ನೋಡೂಣು, ತೋರ್ಸು," ಎಂದು ಡಾಕ್ಟರೂ ಬಿಡುತ್ತಿರಲಿಲ್ಲ.

ಅವರು ಕೈ ತೊಳೆದು ತಿರುಗಿದರೆ ಹುಸೇನಬಿ ಹೆಗಲ ಮೇಲಿನ ನನ್ನನ್ನು ತೆಗೆದು ಎರಡೂ ಕೈಯಲ್ಲಿ ಹಿಡಿಯಬೇಕು. ದೊಡ್ಡ ಡಾಕ್ಟರಿಗೆ ಕೊಡುವ ಮರ್ಯಾದೆ ಅದು. ಅವರಾದ ಮೇಲೆ ಸಿಸ್ಟರ್, ಸಿಸ್ಟರ್ ಆದ ಮೇಲೆ ಹುಸೇನಬಿ, ಎಲ್ಲರೂ ನನಗೇ ಕೈ ಒರೆಸುತ್ತಿದ್ದರು. ಮತ್ತೆ ಅದೇ ಕೈಯಲ್ಲಿ ಮುಂದಿನ ತೊಟ್ಟಿಲು. ಅಗಸ ಬರುವವರೆಗೆ ನನಗೆ ಬದಲಿಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾನು ತೊಯ್ದು ತೊಪ್ಪೆಯಾಗಿ, ನನ್ನ ವಾಸನೆ ನನಗೇ ಸಹಿಸಲಾಗದಂತಾಗುತ್ತಿತ್ತು. ಯಾರಿಗೂ ಅದು ತಟ್ಟಲಿಲ್ಲ. ಕೈ ತೊಳೆದಾಗಿತ್ತಲ್ಲ.

ಆ ಬೇಸಿಗೆಯಲ್ಲಿ ಕೂಸುಗಳಿಗೆ ಒಂದರ ಹಿಂದೊಂದು ಜ್ವರ ಬಂತು. ನೆಲಕ್ಕೆ ಫಿನಾಯಿಲ್ ಸುರಿದರು. ಡಾಕ್ಟರು ತಾಯಂದಿರನ್ನು ಸಾಲಾಗಿ ನಿಲ್ಲಿಸಿ ಗದರಿಸಿದರು: "ಹೊಲಸು ಕೈಲೆ ಕೂಸು ಮುಟ್ಟಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಬೇಕು?" ಆ ಸಾಲಿನಲ್ಲಿ ಕಸ್ತೂರಿಯೂ ಇದ್ದಳು, ಚೊಚ್ಚಲ ಬಾಣಂತಿ. ಅವಳ ಹೆಣ್ಣುಕೂಸು ಉಳಿಯಲಿಲ್ಲ.

"ತಾಯಿ ಕೈ ಚೊಕ್ಕ ಇದ್ದಿದ್ರ ಕೂಸು ಉಳೀತಿತ್ತು," ಎಂದು ಅತ್ತೆ ಎಲ್ಲರೆದುರು ಅಂದಳು.

ಡಾಕ್ಟರು ಆಗಷ್ಟೇ ಕೈ ತೊಳೆದಿದ್ದರು. ಹುಸೇನಬಿ ನನ್ನನ್ನು ಹಿಡಿದಳು. ನನ್ನತ್ತ ಬಂದ ಕೈಗಳು ನಡುವೆಯೇ ನಿಂತವು. ನನ್ನ ಮೇಲಿನ ಕಂದು ಕಲೆಗಳನ್ನು, ಒದ್ದೆಯನ್ನು ಅವರು ಮೊದಲ ಸಲ ನೋಡಿದರು. ಒರೆಸದೆಯೇ ಕೈ ಹಿಂದೆಳೆದುಕೊಂಡರು.

"ಸಾಹೇಬ್ರ," ಕಸ್ತೂರಿ ಅವರೆದುರು ಬಂದು ಅಂಗೈ ಚಾಚಿದಳು, "ನಾ ಸಾಬಾಣ ಹಚ್ಚೇ ತೊಳ್ಕೊಂತಿದ್ನಿರಿ. ಖರೇನ ನನ್ನ ಕೈಲೇ ಆತೇನ್ರಿ?"

ಅವರ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೂಸು ಅಶಕ್ತ ಇತ್ತವ್ವಾ," ಎಂದು ಹೊರಗೆ ಹೋದರು.

ಮರುದಿನ ಹುಸೇನಬಿಯ ಹೆಗಲಿನಿಂದ ನನ್ನನ್ನು ತೆಗೆಸಿದರು. ಕೂಸುಗಳ ವಾರ್ಡಿನಲ್ಲಿ ಇನ್ನು ಮುಂದೆ ಕೈ ಗಾಳಿಗೇ ಒಣಗಬೇಕು ಎಂದರು. ಯಾಕೆಂದು ಹೇಳಲಿಲ್ಲ. ಹಾಗಾಗಿ ಪಕ್ಕದ ಬಾಣಂತಿಯರ ವಾರ್ಡಿನಲ್ಲಿ ಬೇಸಿನ್ನಿನ ಬಳಿ ನನ್ನಂಥದೇ ಇನ್ನೊಂದು ಟವಲ್ ಈಗಲೂ ಇದೆ, ಒದ್ದೆಯಾಗಿ.

ನಾನೀಗ ಆಂಬುಲೆನ್ಸಿನ ಗಾಜು ಒರೆಸುವ ಅರಿವೆ. ಅಂಚು ಬಿಚ್ಚಿಹೋಗಿದೆ. ಬಿಸಿಲಿಗೆ ಒಣಗುತ್ತೇನೆ, ಏನೂ ಹಗುರಾಗುವುದಿಲ್ಲ. ಬಟ್ಟೆ ತನಗೆ ಕೊಟ್ಟದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಬೇಡವೆನ್ನಲು ಅದಕ್ಕೆ ಬಾಯಿಲ್ಲ. ಬಾಯಿದ್ದವರೂ ಹಾಗೆಯೇ ಇರುವುದನ್ನು ನಾನು ನೋಡಿದ್ದೇನೆ.

ಮೊನ್ನೆ ಕಸ್ತೂರಿ ಬಂದಿದ್ದಳು, ತಂಗಿಯ ಹೆರಿಗೆಗೆ. ಮನೆಗೆ ಹೊರಟಾಗ ತಂಗಿ ಆಂಬುಲೆನ್ಸಿನ ಪಕ್ಕ ನಿಂತು ಕೂಸನ್ನು ಮುಂದೆ ಹಿಡಿದಳು.

"ಎತ್ಕೋ ಅಕ್ಕಾ."

ಕಸ್ತೂರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಬ್ಯಾಡವಾ. ನನ್ನ ಕೈ ಛಲೋ ಇಲ್ಲ."

ಡಾಕ್ಟರ್ ನಾಡಗೌಡರು ಮೆಟ್ಟಿಲ ಮೇಲಿದ್ದರು. ಅವರಿಗದು ಕೇಳಿಸಿತು. ಎರಡು ಹೆಜ್ಜೆ ಇಳಿದು ಬಂದು, ನಿಂತು, ಒಳಗೆ ಹೋದರು.

ಕೂಸನ್ನು ಕೊಂದದ್ದು ನಿನ್ನ ಕೈಯಲ್ಲ, ನಮ್ಮ ಕೈ ಎಂದು ಅವರು ಅವಳಿಗೆ ಹೇಳಲಿಲ್ಲ.