ಮುಂದಿನ ಚಕ್ರ ಎಲ್ಲಿದೆ?

ನನ್ನ ಭಾವ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದದ್ದಿಲ್ಲ ಎಂದು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಅಂಥ ಮನುಷ್ಯ ಇನ್ನಾದರೂ ಮನೆಯಲ್ಲಿ ತೆಪ್ಪಗೆ ಕೂರಬೇಕೋ ಬೇಡವೋ? ಕೂರಲಿಲ್ಲ. ಎರಡೂವರೆ ಟನ್ ತೂಕದ, ಚರ್ಮದ ಸೀಟಿನ, ಕರೀ ಬಣ್ಣದ ಐಷಾರಾಮಿ ಎಸ್‌ಯುವಿಯೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು, ನೇರ ನನ್ನ ವರ್ಕ್‌ಶಾಪಿನ ಬಾಗಿಲಿಗೆ ಅಡ್ಡ ತಂದು ನಿಲ್ಲಿಸಿದರು. ಹಗಲಲ್ಲೇ ಲೈಟು ಹಾಕಿಕೊಳ್ಳಬೇಕಾಯಿತು.

"ಪಾನಮ್ಮ, ಹೇಗಿದೆ ಗಾಡಿ?" ಎಂದರು.

ಹದಿನೆಂಟನೇ ವಯಸ್ಸಿಗೇ ನಟ್ಟು ಬಿಚ್ಚುವ ಪಾನ ಹಿಡಿದು ಕಾರುಗಳ ಅಡಿಗೆ ನುಗ್ಗಿದವಳು ನಾನು. ಹಾಗಾಗಿ ಪಾನಮ್ಮ. ಹೆಸರಿಟ್ಟವರೂ ಈ ಭಾವನೇ. ಎಂಜಿನ್ ಕೆಟ್ಟರೆ ನನ್ನ ಹತ್ತಿರ ಬರಬೇಡಿ. ಗಾಡಿ ಓಲಾಡಿದರೆ, ಒಂದು ಪಕ್ಕಕ್ಕೆ ಎಳೆದರೆ, ಕುಣಿದರೆ ಬನ್ನಿ. ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಅದೊಂದೇ.

"ಚೆನ್ನಾಗಿದೆ ಭಾವ. ಬಾಡಿಗೆಗೆ ಕೊಡ್ತೀರಾ? ಎರಡು ಸಂಸಾರ ಆರಾಮಾಗಿ ಇರಬಹುದು."

"ನಗು, ನಗು. ನಿಮ್ಮಕ್ಕ ಒಂದ್ಸಲ ಹತ್ತಲಿ, ಆಮೇಲೆ ಮಾತಾಡು."

ಅಕ್ಕ ಹತ್ತಿದಳು. ಮನೆಯಿಂದ ಮಾರುಕಟ್ಟೆಗೆ ಮೂರು ತಿರುವು. ಮೂರನೆಯದರಲ್ಲಿ ಗಾಡಿ ನಿಲ್ಲಿಸಲು ಹೇಳಿ, ಚರಂಡಿ ಪಕ್ಕ ಕೂತು ವಾಂತಿ ಮಾಡಿ, ಭಾವ ಎಷ್ಟು ಕರೆದರೂ ಮತ್ತೆ ಹತ್ತದೆ ನಡೆದೇ ಮನೆಗೆ ಬಂದಳು. ಆಮೇಲೆ ನನಗೆ ಫೋನು ಮಾಡಿದಳು.

"ಬೀರುವಿನೊಳಗೆ ಕೂರಿಸಿ ಬೀರುವನ್ನೇ ತೂಗಿದ ಹಾಗಾಯ್ತು ಕಣೇ. ನನಗೆ ಆ ಬೀರು ಬೇಡ."

ಅಂದಿನಿಂದ ಆ ಗಾಡಿಗೆ ಬೀರು ಎಂದೇ ಹೆಸರಾಯಿತು. ಭಾವನಿಗೆ ಮೈಯೆಲ್ಲ ಉರಿಯಿತು. ಉರಿಯಲಿ, ನಮಗೇನು?

ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. ಬೆಟ್ಟ ದಾಟಿ ಆರು ಗಂಟೆಯ ದಾರಿಯಲ್ಲಿ ಅವರ ಮಗಳ ಮನೆ. ಮುಂದಿನ ತಿಂಗಳ ಮೊದಲ ಭಾನುವಾರ ಇಬ್ಬರೂ ಅಲ್ಲಿಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಅಕ್ಕ ಸದ್ದಿಲ್ಲದೆ ತನ್ನೊಬ್ಬಳಿಗೆ ಬಸ್ಸಿನ ಟಿಕೆಟ್ ಮಾಡಿಸಿಕೊಂಡಳು. "ನೀವು ನಿಮ್ಮ ಬೀರು ತಗೊಂಡು ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ" ಎಂದಳಂತೆ. ಮೂವತ್ತೊಂದು ವರ್ಷ ಊರನ್ನೆಲ್ಲ ಹೊತ್ತು ತಿರುಗಿದವರ ಹೆಂಡತಿ ಬೇರೆ ಯಾವನದೋ ಬಸ್ಸು ಹತ್ತುವುದೆಂದರೇನು!

ಮರುದಿನ ಭಾವ ಗಂಟುಮುಖ ಹಾಕಿಕೊಂಡು ಬಂದು, ನನ್ನ ಹಳೇ ಟೈರುಗಳ ರಾಶಿಯ ಮೇಲೆ ಕೂತರು. 

"ಬಸ್ಸಲ್ಲಿ ಡ್ರೈವರ್ ಪಕ್ಕ ಸೀಟೇ ಇರಲ್ಲ, ಪಾನಮ್ಮ. ಅಷ್ಟು ವರ್ಷ ಮುಂದೆ ಒಬ್ಬನೇ ಕೂತೆ. ಇನ್ಮೇಲಾದ್ರೂ ಪಕ್ಕದಲ್ಲಿ ಅವಳು ಕೂತಿರ್ಬೇಕು, ಮಾತಾಡ್ಕೊಂಡು ಹೋಗ್ಬೇಕು ಅಂತಾನೇ ಇದನ್ನ ತಗೊಂಡೆ. ಅವಳು ಬಸ್ಸಲ್ಲಿ, ನಾನು ಇದರಲ್ಲಿ ಅಂದ್ರೆ, ಈ ಗಾಡಿ ನನಗ್ಯಾಕೆ?"

"ಇಷ್ಟೇ ತಾನೇ? ಬಿಟ್ಟು ಹೋಗಿ ಭಾವ. ಬೀರುವಿನ ಸೊಂಟ ಗಟ್ಟಿ ಮಾಡಿ ಕೊಡ್ತೀನಿ" ಎಂದೆ. ಜಂಬ ನನಗೇನು ಕಮ್ಮಿಯೇ?

ಅಡಿಗೆ ನುಗ್ಗಿ ನೋಡಿದರೆ ಕಾರಣಗಳು ಬೇಕಾದಷ್ಟಿದ್ದವು. ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳಲ್ಲಿ ಜೀವವಿರಲಿಲ್ಲ, ಎಣ್ಣೆ ಸೋರಿ ಕೊಳೆ ಹಿಡಿದಿತ್ತು. ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿದ್ದವು. ಹಿಂದಿನ ಮಾಲೀಕ ಮೇಲೆ ಕಬ್ಬಿಣದ ಕ್ಯಾರಿಯರ್ ಬೇರೆ ಕೂರಿಸಿದ್ದ. ಮೊದಲೇ ಎತ್ತರದ ಗಾಡಿ, ಅದರ ತಲೆಯ ಮೇಲೆ ಇನ್ನಷ್ಟು ಭಾರ ಹೇರಿದರೆ ತಿರುವಿನಲ್ಲಿ ವಾಲದೆ ಏನು ಮಾಡೀತು? ಕ್ಯಾರಿಯರ್ ಕಿತ್ತೆ. ಶಾಕ್‌ಗಳು, ಬುಷ್‌ಗಳು ಹೊಸವು ತರಿಸುವಷ್ಟರಲ್ಲಿ ಎರಡು ವಾರ ಹೋಯಿತು. ಎಡಬಲದ ಚಕ್ರಗಳನ್ನು ಜೋಡಿಸಿ ಗಾಡಿ ವಾಲದಂತೆ ತಡೆಯುವ ಉಕ್ಕಿನ ಬಾರ್ ಒಂದಿರುತ್ತದೆ; ಹಿಂದೆಯೂ ಮುಂದೆಯೂ ದಪ್ಪದ್ದು ಹಾಕಿದೆ. ಟೈರಿನ ಗಾಳಿ, ಅಲೈನ್‌ಮೆಂಟ್ ಎಲ್ಲ ಸರಿ ಮಾಡಿ, ಭಾವನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನೇ ಓಡಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ ಅರ್ಧ ತುಂಬಿದ ನೀರಿನ ಬಾಟಲಿ ತಿರುವಿನಲ್ಲೂ ಜಗ್ಗಲಿಲ್ಲ.

"ಭೇಷ್!" ಎಂದು ಭಾವ ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿಹೋದೆ.

ಆ ಸಂಜೆಯೇ ಅಕ್ಕ ಹತ್ತಿದಳು. ಮೂರನೇ ತಿರುವು, ಅದೇ ಚರಂಡಿ.

ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನ ಕೆಲಸದಲ್ಲಿ ತಪ್ಪಿಲ್ಲ. ನಿನ್ನ ಹೊಟ್ಟೆಯದೇ ತಪ್ಪು, ಡಾಕ್ಟರಿಗೆ ತೋರಿಸ್ಕೋ" ಎಂದು ಅಕ್ಕನ ಮೇಲೆ ಹಾರಿಬಿದ್ದೆ.

"ನನ್ನ ಹೊಟ್ಟೆ ಬಸ್ಸಲ್ಲಿ ಸರಿಯಾಗಿರತ್ತೆ, ಆಟೋದಲ್ಲಿ ಸರಿಯಾಗಿರತ್ತೆ, ನಿನ್ನ ಆ ಡಕೋಟಾ ಸ್ಕೂಟರಿನ ಹಿಂದೆ ಕೂತಾಗ್ಲೂ ಸರಿಯಾಗಿರತ್ತೆ. ಬೀರುವಿನಲ್ಲಿ ಮಾತ್ರ ಕೆಡತ್ತೆ. ಅಷ್ಟು ಗೊತ್ತಿದ್ರೆ ನೀನೇ ಬಂದು ಕೂತು ನೋಡೇ!"

ಅದೂ ನಿಜವೇ. ಭಾವ ಬೀರು ಓಡಿಸುವಾಗ ನಾನು ಒಂದು ಸಲವೂ ಕೂತಿರಲಿಲ್ಲ. ಅವರ ಡ್ರೈವಿಂಗ್ ಬಗ್ಗೆ ಅನುಮಾನ ಪಡುವುದಾದರೂ ಹೇಗೆ?

ಮರುದಿನ ಮಧ್ಯಾಹ್ನ ವರ್ಕ್‌ಶಾಪಿನ ಹಿಂದಿನ ಖಾಲಿ ಮೈದಾನಕ್ಕೆ ಮೂವರೂ ಹೋದೆವು. ಅಕ್ಕನನ್ನು ಗೋಗರೆದು ಮುಂದೆ ಕೂರಿಸಿ ನಾನು ಹಿಂದೆ ಕೂತೆ. ಹೊರಡುವ ಮುನ್ನ ಭಾವ ಅಭ್ಯಾಸಬಲದಿಂದ "ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದುಬಿಟ್ಟರು. ಅಕ್ಕ ಕಿಸಕ್ಕನೆ ನಕ್ಕಳು. ಭಾವ ನಗಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

ಮೈದಾನದ ಮೂಲೆಯಲ್ಲಿ ಗುರುತಿಗೆಂದು ಒಂದು ಟೈರು ಇಟ್ಟಿದ್ದೆ. ಭಾವ ಅದರ ಹತ್ತಿರ ಬಂದರು, ತಿರುಗಿಸಲಿಲ್ಲ. ಟೈರು ಅವರ ಕಿಟಕಿಯನ್ನೂ ದಾಟಿತು. ಆಗ ಒಮ್ಮೆಲೇ ಸ್ಟೀರಿಂಗನ್ನು ಪೂರಾ ಎಳೆದರು. ನಾನು ಸೀಟಿನ ಈ ತುದಿಯಿಂದ ಆ ತುದಿಗೆ ಜಾರಿ ಹೋದೆ. ಹೊಸ ಶಾಕ್‌ಗಳ ಮಾನ ಹೋಯಿತು.

"ನಿಲ್ಸಿ ಭಾವ, ನಿಲ್ಸಿ!"

ಅಯ್ಯೋ, ಎಂಥ ಪೆದ್ದಿ ನಾನು! ಮೂರು ವಾರ ಕಾರಿನ ಕೆಳಗೆ ಹುಡುಕಿದ್ದು ಕಾರಿನ ಒಳಗಿತ್ತು. ಆದರೆ ಅದನ್ನು ಹೇಳುವುದು ಹೇಗೆ? ಒಂದು ಗೀರೂ ಮಾಡದ ಮನುಷ್ಯನಿಗೆ ನಿಮಗೆ ತಿರುಗಿಸಲು ಬರುವುದಿಲ್ಲ ಎನ್ನಲೇ? ಕೆಳಗಿಳಿದು, ಕಡ್ಡಿಯಿಂದ ಮಣ್ಣಿನಲ್ಲಿ ಎರಡು ಉದ್ದ ಡಬ್ಬಿ ಬರೆದೆ.

"ಇದು ಬಸ್ಸು. ನೀವು ಇಲ್ಲಿ, ಮೂತಿಯಲ್ಲೇ ಕೂರ್ತಿದ್ರಿ. ಮುಂದಿನ ಚಕ್ರ ಎಲ್ಲಿ, ಭಾವ?"

"ನನ್ನ ಬೆನ್ನ ಹಿಂದೆ."

"ಅದಕ್ಕೇ ನೀವು ಮೂಲೆ ದಾಟಿದ ಮೇಲೆ ತಿರುಗಿಸ್ತಿದ್ರಿ. ಬಸ್ಸಿಗೆ ಅದೇ ಸರಿ. ಈಗ ಇದು ಬೀರು. ನೀವು ಇಲ್ಲಿ. ಚಕ್ರ?"

ಭಾವ ಬಗ್ಗಿ ಆ ಗೆರೆಯ ಮೇಲೆ ಬೆರಳಿಟ್ಟರು. "ನನ್ನ ಕಾಲಿನ ಮುಂದೆ" ಎಂದರು. ಆಮೇಲೆ ಮುಖ ಕೆಂಪಾಯಿತು. "ಅಂದ್ರೆ ನನಗೆ ಓಡಿಸೋಕೆ ಬರಲ್ಲ ಅಂತೀಯಾ? ನನಗೆ?"

"ಬರತ್ತೆ ಭಾವ. ತುಂಬಾ ಚೆನ್ನಾಗಿ ಬರತ್ತೆ. ನೀವಿನ್ನೂ ಬಸ್ಸೇ ಓಡಿಸ್ತಿದ್ದೀರಿ, ಅಷ್ಟೇ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವ ಮುಖ ಊದಿಸಿಕೊಂಡೇ ಗಾಡಿ ಹತ್ತಿದರು, ನಾವೂ ಹತ್ತಿದೆವು. ಮೊದಲ ಸಲ ಬೇಗ ತಿರುಗಿಸಿ ಟೈರಿನ ಮೇಲೇ ಹತ್ತಿಸಿದರು. ಎರಡನೇ ಸಲ ಅಳುಕಿದರು. ನಾಲ್ಕನೇ ಸಲಕ್ಕೆ ಟೈರು ಇನ್ನೂ ಮುಂದಿರುವಾಗಲೇ ಕೈ ನಿಧಾನವಾಗಿ ಸರಿಯಿತು. ಎರಡೂವರೆ ಟನ್ ಗಾಡಿ ಟೈರನ್ನು ಸುತ್ತಿ ಬಂದದ್ದು ನನ್ನ ಮೈಗೆ ಗೊತ್ತೇ ಆಗಲಿಲ್ಲ. ಅಕ್ಕ ಬಾಗಿಲ ಹಿಡಿಯನ್ನು ಬಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಗೆದ್ದೆವು ಎಂದುಕೊಂಡೆ. ಭಾವ ಮಾತ್ರ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು.

"ಏನ್ರೀ? ಇನ್ನೂ ಕೋಪನಾ?" ಎಂದಳು ಅಕ್ಕ.

"ಅಲ್ಲ ಕಣೇ. ಮುಂದಿನ ಚಕ್ರ ನನ್ನ ಬೆನ್ನ ಹಿಂದೆ ಇತ್ತು ಅಂದ್ರೆ..." ಭಾವ ಅವಳ ಕಡೆ ತಿರುಗಿದರು. "ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ಹನ್ನೊಂದು ವರ್ಷ ನೀನು ನನ್ನ ಬಸ್ಸಲ್ಲೇ ಹೋದೆ. ನನ್ನ ಹಿಂದಿನ ಸೀಟೇ ಬೇಕು ಅಂತ ಒಂದು ಸ್ಟಾಪು ಹಿಂದಕ್ಕೆ ನಡೆದು ಹೋಗಿ ಹತ್ತುತ್ತಿದ್ದೆ. ಆ ಚಕ್ರ ಇದ್ದಿದ್ದು ನಿನ್ನ ಸೀಟಿನ ಕೆಳಗೆ."

"ಹೂಂ. ಕಾಲಿಡೋಕೂ ಜಾಗ ಇರ್ಲಿಲ್ಲ. ರಸ್ತೆಯ ಒಂದೊಂದು ಗುಂಡೀನೂ ಮೊದಲು ನನ್ನ ಬೆನ್ನಿಗೇ ಬರ್ತಿತ್ತು."

"ಒಂದು ದಿನಾನೂ ಹೇಳಲಿಲ್ವಲ್ಲೇ?"

"ಹೇಳಿದ್ರೆ ಮಧ್ಯದ ಸೀಟಿಗೆ ಹೋಗು ಅಂತಿದ್ರಿ. ಅಷ್ಟು ದೂರದಿಂದ ಕನ್ನಡಿಯಲ್ಲಿ ನಿಮ್ಮ ಮುಖ ಕಾಣ್ತಿರ್ಲಿಲ್ಲ."

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನು ಹಿಂದಿನ ಸೀಟಿನ ಮೇಲೆ ಇಲ್ಲದ ಧೂಳು ಕೊಡವಿದೆ.

"ಇನ್ನೊಂದು ರೌಂಡ್ ಹೋಗೋಣ" ಎಂದಳು ಅಕ್ಕ. ಆಮೇಲೆ ಹಿಂದೆ ತಿರುಗಿ ನನ್ನನ್ನು ನೋಡಿದಳು. "ನೀನು ಇಳಿಯೇ. ನಿನಗೇನು ಇಲ್ಲಿ ಕೆಲಸ?"